ಸಣ್ಣ ಡಿಸ್ಕಿನಲ್ಲಿ ಅಪ್ಪನ ದನಿ

ಮೊದಲ ಬಾಣಂತನಕ್ಕೆ ಗಂಗಾವತಿಯ ಗಂಡನ ಮನೆಯಿಂದ ಕೊಪ್ಪಳದ ತವರಿಗೆ ಬಂದಾಗ ನನ್ನ ಜೊತೆ ಒಂದು ವಿಡಿಯೋ ಕ್ಯಾಮೆರಾ ಕೂಡ ಬಂತು. ಕ್ಯಾಸೆಟ್ ಹಾಕುವಂಥದ್ದಲ್ಲ, ಅಂಗೈಯೊಳಗೆ ಕೂರುವ ಸಣ್ಣ ಡಿಸ್ಕು ಹಾಕುವಂಥದ್ದು. ಟೀಚರ್ ಕೆಲಸದ ಸಂಬಳದಲ್ಲಿ ನಾನೇ ಹಟ ಹಿಡಿದು ಕೊಂಡಿದ್ದೆ. ಹುಟ್ಟುವ ಮಗುವಿನ ಒಂದು ಆಕಳಿಕೆಯೂ ತಪ್ಪಬಾರದು ಅನ್ನುವ ಹುಚ್ಚು. "ನಮ್ಮ ಮದುವಿ ವಿಡಿಯೋನ ಇನ್ನೂ ಯಾರೂ ಪೂರಾ ನೋಡಿಲ್ಲ" ಎಂದು ಗಂಡ ಗೊಣಗಿದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಕ್ಯಾಮೆರಾವನ್ನು ಈಗ ಯಾರಾದರೂ ಆಡಿಕೊಂಡರೆ ನನಗೆ ಸಿಟ್ಟು ಬರುತ್ತದೆ. ಆ ಕಾಲಕ್ಕೆ ಅದು ಕೊಟ್ಟ ಸುಖ ಸಣ್ಣದಲ್ಲ. ಕ್ಯಾಸೆಟ್ಟಿನ ಹಾಗೆ ಹಿಂದೆ ಮುಂದೆ ಸುತ್ತಿ ಹುಡುಕುವ ಗೋಳಿರಲಿಲ್ಲ, ಕಂಪ್ಯೂಟರಿನ ಹಂಗೂ ಇರಲಿಲ್ಲ. ಡಿಸ್ಕು ತೆಗೆದು ಟಿವಿ ಕೆಳಗಿನ ಪ್ಲೇಯರಿಗೆ ಹಾಕಿದರೆ ಆಯಿತು. ಮಗಳು ಬೆಳಿಗ್ಗೆ ಸೀನಿದ್ದನ್ನು ಓಣಿಯ ಹೆಂಗಸರು ಮಧ್ಯಾಹ್ನ ನಮ್ಮ ಟಿವಿಯಲ್ಲಿ ನೋಡಿ ನಕ್ಕು ಹೋಗುತ್ತಿದ್ದರು.

ಹಾಗಂತ ಅದರ ಕಾಟ ಕಡಿಮೆಯೇನೂ ಇರಲಿಲ್ಲ. ಪ್ಲೇಯರಿಗೆ ಹಾಕುವ ಮುಂಚೆ ಕ್ಯಾಮೆರಾದಲ್ಲೇ ಡಿಸ್ಕನ್ನು 'ಫೈನಲೈಜ್' ಮಾಡಬೇಕು. ಅಂದರೆ ಇನ್ನು ಇದರಲ್ಲಿ ಏನೂ ತುಂಬುವುದಿಲ್ಲ ಎಂದು ಬಾಯಿ ಮುಚ್ಚಿ ಮುಗಿಸಬೇಕು. ಆ ಹೊತ್ತಿಗೆ ಬ್ಯಾಟರಿ ಕೈಕೊಟ್ಟು ಕರೆಂಟೂ ಹೋದರೆ ಇದ್ದದ್ದೂ ಹೋಯಿತು. ಮಗಳು ಮೊದಲ ಸಲ ಮಗ್ಗುಲಾದದ್ದು ಹಾಗೇ ಹೋಯಿತು. ಒಂದು ಡಿಸ್ಕು ಅರ್ಧ ಗಂಟೆಗೆ ತುಂಬಿಬಿಡುತ್ತಿತ್ತು. ಹೊಸ ಡಿಸ್ಕು ಕೊಪ್ಪಳದಲ್ಲಿ ಸಿಗುತ್ತಿರಲಿಲ್ಲ, ಗಂಗಾವತಿಯಿಂದ ಬರುವವರ ಕೈಲಿ ತರಿಸಬೇಕಿತ್ತು. ಅವರು ದೊಡ್ಡ ಡಿಸ್ಕು ತಂದು "ಎಲ್ಲಾ ಒಂದ ಅಲ್ಲೇನವಾ?" ಅನ್ನುತ್ತಿದ್ದರು. ಓಡುವಾಗ ಕ್ಯಾಮೆರಾದ ಗಿರ್ ಗಿರ್ ಸದ್ದು ಬೇರೆ. ನಮ್ಮ ಮನೆಯ ಎಲ್ಲ ನಗು ಅಳುವಿನ ಹಿಂದೆಯೂ ಆ ಸದ್ದು ಕೇಳಿಸುತ್ತದೆ.

ಆ ಸದ್ದು ಕೇಳಿದರೆ ಅಪ್ಪನಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಅಪ್ಪ ಬಸ್ ಕಂಡಕ್ಟರ್. ಕೊಪ್ಪಳದಿಂದ ಕುಷ್ಟಗಿಗೆ, ಕೊಪ್ಪಳದಿಂದ ಯಲಬುರ್ಗಾಕ್ಕೆ ಓಡಾಡಿಯೇ ಸರ್ವಿಸು ಮುಗಿಸಿದವನು. ಇರಕಲ್ಲಗಡದ ಕಡೆಯ ಹೆಂಗಸರು ಅವನ ಮುಖ ನೋಡದೆ ದನಿಯ ಮೇಲೇ ಬಸ್ಸು ಗುರುತು ಹಿಡಿಯುತ್ತಿದ್ದರು. ಸೀಟು ಖಾಲಿ ಓಡಿದರೆ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಡಿಸ್ಕಿನ ವಿಷಯದಲ್ಲೂ ಅಷ್ಟೇ. ನಾನು ಗುಂಡಿ ಒತ್ತಿದ್ದೇ ತಡ, "ಸುತ್ತಾಕತ್ತೈತಿ, ಮಾತಾಡ್ರಿ, ಮಾತಾಡ್ರಿ! ಸುಮ್ನ ಕುಂತ್ರ ಡಿಸ್ಕ ದಂಡ ಆಗ್ತೈತಿ" ಎಂದು ಎಲ್ಲರನ್ನೂ ಎಬ್ಬಿಸುತ್ತಿದ್ದ. ಕ್ಯಾಮೆರಾ ಕಂಡು ನಾಚಿ ಯಾರೂ ಬಾಯಿ ಬಿಡದಿದ್ದರೆ ತಾನೇ ಶುರು. ಮಗಳನ್ನು ತೊಟ್ಟಿಲಿಗೆ ಹಾಕಿದ ದಿನದ ಡಿಸ್ಕಿನಲ್ಲಿ ಕೂಸಿಗಿಂತ ಅಜ್ಜನೇ ಹೆಚ್ಚು. ಯಾರು ಬಂದರು, ಯಾರು ಬರಲಿಲ್ಲ, ಮೂಗು ಯಾರ ಕಡೆಯದು, ಬಣ್ಣ ಯಾರ ಕಡೆಯದು, ಎಲ್ಲವನ್ನೂ ಕೂಗಿ ಕೂಗಿ ಹೇಳಿದ್ದಾನೆ.

ಬಾಣಂತನ ಮುಗಿಸಿ ನಾನು ಹೊರಟಾಗ "ಮೊಮ್ಮಗಳ ಮಾರಿ ನೋಡಾಕ ಇರ್ಲಿ" ಎಂದು ಅವ್ವ ಕ್ಯಾಮೆರಾ, ಡಿಸ್ಕು ಎಲ್ಲ ಇಟ್ಟುಕೊಂಡಳು. ಆಮೇಲೆ ಕೈಗೆ ಫೋನು ಬಂದು ಅವೆಲ್ಲ ಟ್ರಂಕು ಸೇರಿದವು.

ಹೋದ ವರ್ಷ ಬೇಸಿಗೆಯಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ನಾಲಿಗೆ. ಕಾಲು ನಿಧಾನಕ್ಕೆ ದಾರಿಗೆ ಬಂತು, ಕೈ ಅರ್ಧಂಬರ್ಧ ಬಂತು, ನಾಲಿಗೆ ಮಾತ್ರ ಹಟ ಹಿಡಿಯಿತು. "ದಿನಾ ಮಾತಾಡಿಸ್ರಿ. ತಪ್ಪಾದ್ರೂ ನಡೀತೈತಿ, ಬಾಯಿ ಬಿಡಬೇಕು. ಈಗ ಬಿಟ್ರ ಮುಂದ ಕಷ್ಟ ಐತಿ" ಎಂದು ಡಾಕ್ಟರು ಎಚ್ಚರಿಸಿ ಕಳಿಸಿದರು. ಅಪ್ಪ ಕೆಲವು ದಿನ ಪ್ರಯತ್ನವನ್ನೂ ಮಾಡಿದ. ಒಮ್ಮೆ ಅವನ ಹಳೇ ಡ್ರೈವರ್ ಗೆಳೆಯ ನೋಡಲು ಬಂದಿದ್ದರು. ಅಪ್ಪ "ಚಾ ಕುಡೀರಿ" ಅಂದದ್ದು ಅವರಿಗೆ ತಿಳಿಯಲಿಲ್ಲ. ಅವರು ಅವ್ವನ ಕಡೆ ತಿರುಗಿ "ಏನಂತಾರವ್ವ?" ಎಂದು ಕೇಳಿದರು. ಪಾಪ, ಅವರದೇನೂ ತಪ್ಪಿಲ್ಲ. ಆದರೆ ಆವತ್ತಿನಿಂದ ಅಪ್ಪ ಬಾಯಿ ಮುಚ್ಚಿಕೊಂಡ. ನೀರು ಬೇಕಾದರೆ ಕೈಸನ್ನೆ, ಬೇಡವಾದರೆ ಕೈಸನ್ನೆ. ಬಂದವರಿಗೆಲ್ಲ ಅವ್ವನೇ ಉತ್ತರ ಕೊಡತೊಡಗಿದಳು. "ಊಟ ಆಗೇತ್ರಿ, ರಾತ್ರಿ ಛಲೋ ನಿದ್ದಿ ಮಾಡ್ಯಾರ್ರಿ." ಸಂತೆಯ ಗದ್ದಲ ಮೀರಿಸುತ್ತಿದ್ದ ಮನುಷ್ಯ ಮೂಲೆಯ ಕುರ್ಚಿಯಲ್ಲಿ ಮೂಕನಾಗಿ ಕೂತುಬಿಟ್ಟ.

ಒಂದು ರವಿವಾರ ಕೊಪ್ಪಳಕ್ಕೆ ಹೋದಾಗ ಅವ್ವ ನನ್ನನ್ನು ಅಡುಗೆಮನೆಗೆ ಕರೆದಳು.

"ಅವರಿಗೆ ಅವರ ದನೀನ ಮರತೈತವಾ. ಒಂದ್ಸಲ ಕೇಳಿಸಿದ್ರ ಹುರುಪು ಬಂದೀತು. ನಿನ್ನ ಕ್ಯಾಮೆರಾದಾಗ ಐತೆಲ್ಲ, ಭಾಳ ಮಾತಾಡಿದ್ದು, ತೊಟ್ಟಿಲ ದಿನದ್ದು."

ನನ್ನ ಫೋನಿನಲ್ಲೂ ಅಪ್ಪನ ತುಣುಕುಗಳಿದ್ದವು. ಆದರೆ ಅವುಗಳಲ್ಲೆಲ್ಲ ಅವನು ಕೈಯಾಡಿಸಿ "ಸಾಕ ಬಿಡು" ಅನ್ನುವುದಷ್ಟೇ. ಫೋನಿನಲ್ಲಿ ಏನೂ ದಂಡವಾಗುವುದಿಲ್ಲವಲ್ಲ, ಅವನಿಗೆ ಮಾತಾಡುವ ತುರ್ತೂ ಇರಲಿಲ್ಲ. ಅವ್ವ ಹೇಳಿದ್ದು ನನಗೂ ಸರಿ ಅನ್ನಿಸಿತು. ಟ್ರಂಕು ತೆಗೆದೆವು. ಡಿಸ್ಕಿನ ಡಬ್ಬಿ ತೆರೆದು ನೋಡಿದರೆ ಹೊಳೆಯುವ ಮೈಮೇಲೆ ಕೆಂಪಗೆ ಒಣಗಿದ ಕುಂಕುಮ, ಸುತ್ತ ಅರಿಷಿಣದ ಕಲೆ, ನಡುವೆ ಉಜ್ಜಿದ ಗೀರುಗಳು.

"ಇದೇನವ್ವಾ?"

"ದಸರಾದಾಗ ಖಂಡೇಪೂಜಿಗೆ ಎಲ್ಲಾಕ್ಕೂ ಹಚ್ಚೀನಿ. ಈಳಿಗಿ, ಹೊಲಿಗಿ ಮಿಷಿನ್ನು, ಕ್ಯಾಮೆರಾ... ಇದಕ್ಕೊಂದ ಯಾಕ ಬಿಡ್ಲಿ ಅಂತ ಇದಕ್ಕೂ ಹಚ್ಚಿದೆ. ಮರುದಿನ ಸೆರಗಿಲೆ ಒರಸೀನಿ, ಪೂರಾ ಹೋಗಿಲ್ಲ."

"ಹೆಸರು ಬರೆದ ಕಡಿಗಾದ್ರೂ ಹಚ್ಚಬಾರ್ದಾ?"

"ಹೊಳಿಯೋ ಕಡೀನ ಅದರ ಮಾರಿ ಅಲ್ಲೇನ? ಮಾರಿ ಬಿಟ್ಟು ಬೆನ್ನಿಗೆ ಯಾರ ಕುಂಕುಮ ಹಚ್ತಾರ?"

ನನಗೆ ನಗುವೂ ಬಂತು, ಗಾಬರಿಯೂ ಆಯಿತು. ಚಿತ್ರ, ಮಾತು ಎಲ್ಲ ಇರುವುದು ಆ ಮುಖದಲ್ಲೇ ಎಂದು ಹೇಳಿದೆ. ಅವ್ವನ ಮುಖ ಸಣ್ಣದಾಯಿತು. "ಹಂಗಾರ ನಾನ ಅಳಿಸೀನೇನವಾ ಅವರ ದನಿ?" ಎಂದು ಅಲ್ಲೇ ಟ್ರಂಕಿನ ಪಕ್ಕ ಕುಸಿದು ಕೂತಳು. ಹೊರಗೆ ಅಪ್ಪ ಕೇಳಿಸಿಕೊಂಡಾನೆಂಬ ಅಂಜಿಕೆಗೆ ಬಾಯಿಗೆ ಸೆರಗು ಒತ್ತಿ ಅತ್ತಳು. ಅವಳನ್ನು ಸಮಾಧಾನ ಮಾಡುವುದೋ ಡಿಸ್ಕನ್ನು ನೋಡುವುದೋ ನನಗೆ ತಿಳಿಯಲಿಲ್ಲ.

ಕ್ಯಾಮೆರಾದ ಬ್ಯಾಟರಿ ಸತ್ತೇಹೋಗಿತ್ತು. ಚಾರ್ಜರಿನ ವೈರು ನೇರವಾಗಿ ಚುಚ್ಚಿದರೆ ದೀಪ ಹತ್ತಿತು. ಡಿಸ್ಕು ಹಾಕಿದೆ. ಗಿರ್ ಎಂದು ಎರಡು ಸುತ್ತು ಸುತ್ತಿ ನಿಂತಿತು, ಓದಲು ಆಗುವುದಿಲ್ಲ ಎಂದು ಪರದೆಯ ಮೇಲೆ ಬರೆದು ತೋರಿಸಿತು. ತೆಗೆದು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಹಾಕಿದೆ. ಅವ್ವ ತನ್ನ ಹಳೇ ಮೆತ್ತನೆಯ ಸೀರೆಯ ತುಂಡು ಕೊಟ್ಟಳು. ಸುತ್ತ ಉಜ್ಜದೆ ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಒರೆಸುತ್ತಾ ಹೋದೆ. ಕುಂಕುಮ ಬಿಟ್ಟಿತು, ಗೀರುಗಳು ಉಳಿದವು. ಮತ್ತೆ ಹಾಕಿದೆ, ಮತ್ತೆ ನಿಂತಿತು. ಇನ್ನೊಮ್ಮೆ ತೊಳೆದೆ. ಅವ್ವ ಬಾಗಿಲಿಗೆ ಆತು ನಿಂತು ನೋಡುತ್ತಿದ್ದಳು.

ಈ ಸಲ ಅದು ಸುತ್ತುತ್ತಲೇ ಇತ್ತು. ಪರದೆಯ ಮೇಲೆ ಮೊದಲು ಬಣ್ಣದ ಚೌಕಗಳು, ಅರ್ಧ ಕತ್ತರಿಸಿದ ಮುಖಗಳು, ಆಮೇಲೆ ತೊಟ್ಟಿಲು. ನಾನು ಕ್ಯಾಮೆರಾವನ್ನು ವೈರಿನ ಸಮೇತ ಅಪ್ಪನ ಕುರ್ಚಿಯ ಹತ್ತಿರ ಒಯ್ದು ಸ್ಟೂಲಿನ ಮೇಲೆ ಇಟ್ಟೆ. ಹೊಸ ಟಿವಿಗೆ ಅದರ ಬಣ್ಣಬಣ್ಣದ ವೈರು ಸೇರಿಸುವ ತೂತುಗಳೇ ಇರಲಿಲ್ಲ, ಹಾಗಾಗಿ ಕ್ಯಾಮೆರಾದ ಬೆಂಕಿಪೊಟ್ಟಣದಷ್ಟು ಪರದೆಯಲ್ಲೇ ನೋಡಬೇಕಾಯಿತು. ಅಪ್ಪ ಅವ್ವ ತಲೆಗೆ ತಲೆ ಹಚ್ಚಿ ಬಾಗಿದರು. ನಾನು ಹಿಂದೆ ನಿಂತೆ.

"ಸುತ್ತಾಕತ್ತೈತಿ, ಮಾತಾಡ್ರಿ!" ಎಂದು ಕೂಗಿತು ಪೆಟ್ಟಿಗೆ.

ಅಪ್ಪನ ಬೆನ್ನು ನೆಟ್ಟಗಾಯಿತು. ಅವ್ವ ಕಣ್ಣು ಒರೆಸಿಕೊಂಡು "ಕೇಳ್ರಿ, ನಿಮ್ಮ ದನಿ! ಎಲ್ಲೂ ಹೋಗಿಲ್ಲ" ಎಂದು ಅವನ ತೋಳು ಹಿಡಿದು ಅಲ್ಲಾಡಿಸಿದಳು. ನನಗೆ ದೊಡ್ಡ ಗಂಡಾಂತರ ದಾಟಿದ ಸಮಾಧಾನ. ಒಳಗಿನ ಅಪ್ಪ ಬಂದವರನ್ನು ರೇಗಿಸುತ್ತಾ ಹೋದ, ಹೊರಗಿನ ಅಪ್ಪ ಕಣ್ಣು ಮಿಟುಕಿಸದೆ ಕೇಳುತ್ತಾ ಹೋದ. ಆಗ ಪರದೆಯ ಮೇಲೆ ಹಸಿರು ಇಳಕಲ್ ಸೀರೆ ಉಟ್ಟ ಅವ್ವ ಗುಗ್ಗರಿಯ ಬುಟ್ಟಿ ಹಿಡಿದು ಬಂದಳು. ಕ್ಯಾಮೆರಾದ ಕಡೆ ನೋಡಿ ಹಿಂಜರಿಯುತ್ತಾ "ನಾನೂ ಒಂದ ಮಾತ ಹೇಳೂದೈತಿ, ಈ ಕೂಸು ಹುಟ್ಟಿದಾಗ ನನಗ..." ಎಂದು ಶುರು ಮಾಡಿದಳು.

"ನೀ ತಡಿ, ಡಿಸ್ಕ ಮುಗಿಯಾಕ ಬಂದೈತಿ. ನಾ ಹೇಳ್ತೀನಿ" ಎಂದ ಅಪ್ಪ. ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಈಗ ಕುರ್ಚಿಯ ಪಕ್ಕ ಕೂತಿದ್ದ ಅವ್ವ ಕೂಡ ಅದನ್ನು ನೋಡಿ ನಕ್ಕಳು.

ಅಪ್ಪ ಎಡಗೈ ಎತ್ತಿ ನಿಲ್ಲಿಸು ಎಂದು ಸನ್ನೆ ಮಾಡಿದ. ನಿಲ್ಲಿಸಿದೆ. ದಣಿವಾಯಿತೇನೋ, ನೋವಾಯಿತೇನೋ ಎಂದು ಹೆದರಿದೆ. ಅವ್ವ ಎಂದಿನಂತೆ "ನೀರು ಬೇಕೇನ್ರಿ? ಮಲಗ್ತೀರೇನ್ರಿ?" ಎಂದು ಅವನ ಪರವಾಗಿ ಮಾತು ಹುಡುಕತೊಡಗಿದಳು. ಅಪ್ಪ ಅಲ್ಲವೆಂದು ತಲೆಯಾಡಿಸಿದ. ತುಟಿ ಒಂದು ಕಡೆಗೆ ಎಳೆಯಿತು, ಕುತ್ತಿಗೆಯ ನರ ಉಬ್ಬಿತು.

"ನೀ... ಹೇ... ಳು."

ಬಾಯಿ ಮುಚ್ಚಿಕೊಂಡ ಎಷ್ಟೋ ತಿಂಗಳ ಮೇಲೆ ಅವನಿಂದ ಬಂದ ಮೊದಲ ಮಾತು ಅದು.

"ನಾ ಏನ್ ಹೇಳ್ಲಿರೀ?" ಎಂದಳು ಅವ್ವ ಗಲಿಬಿಲಿಗೊಂಡು. ಅಪ್ಪ ಪರದೆಗೆ ಬೆರಳು ತೋರಿಸಿದ. ಅವ್ವ ಬಗ್ಗಿ ನೋಡಿದಳು.

"ಎಷ್ಟೊ ವರ್ಷಾತು, ಏನ್ ಹೇಳಾಕ ಹೊಂಟಿದ್ನೋ ಏನೋ. ನೆನಪಿಲ್ರಿ" ಎಂದಳು.

ಅಪ್ಪ ಬಿಡಲಿಲ್ಲ. ನೆನಪಾಗುವವರೆಗೂ ಕಾಯುತ್ತೇನೆ ಅನ್ನುವಂತೆ ಅವಳ ಮುಖ ನೋಡುತ್ತಾ ಸುಮ್ಮನೆ ಕೂತ.