ಮೋಡದ ನೆರಳು, ಬಂಗಡೆಯ ಹಿಂಡು

ಯುದ್ಧದ ಕಾಲ. ಅಪ್ಪ ಮುಂಬಯಿಗೆ ಹೋಗಿ ಹಡಗಿನ ಖಲಾಸಿಯಾದ. ಒಂದು ಮಳೆಗಾಲ ಕಳೆದರೂ ಸುದ್ದಿಯಿಲ್ಲ. ನಮ್ಮೂರು ಜಾಲಿಯ ಕಡಲ ದಂಡೆಯಲ್ಲಿ ಅವನದು ದೊಡ್ಡ ಕೆಲಸವಾಗಿತ್ತು. ಬೆಳಿಗ್ಗೆ ಗುಡ್ಡ ಹತ್ತಿ, ನೀರಿನ ಬಣ್ಣ ನೋಡಿ, ಬಂಗಡೆಯ ಹಿಂಡು ಬಂದರೆ ಬಟ್ಟೆ ಬೀಸಬೇಕು. ಆಗ ಕೆಳಗೆ ರಂಪಣಿ ಬಲೆ ಇಳಿಯುತ್ತಿತ್ತು. ಊರಿಗೆ ಊರೇ ಹಗ್ಗ ಹಿಡಿದು ಎಳೆಯುತ್ತಿತ್ತು. ಆ ಜಾಗ ಹದಿನಾರರ ನನ್ನ ಅಣ್ಣನಿಗೆ ಬಂತು.

ಅವನ ನಿದ್ದೆ ಹಾರಿಹೋಯಿತು. "ಇವತ್ತು ಕಾಣದಿದ್ರೆ?" ಎನ್ನುತ್ತ ಗಂಜಿ ಬಿಟ್ಟು ಏಳುತ್ತಿದ್ದ. ಪೇಟೆಯ ಹುಡುಗರು ಗಾಂಜಾ ಸೇದಲು ಕಲಿಸಿದರು. ಸೇದಿದರೆ ಎದೆ ಹಗುರವಾಗುತ್ತದೆ ಎನ್ನುತ್ತಿದ್ದ. ಒಂದು ದಿನ ಆ ಅಮಲಿನಲ್ಲೇ ಮೋಡದ ನೆರಳನ್ನು ಮೀನೆಂದು ತಿಳಿದು ಬಟ್ಟೆ ಬೀಸಿದ. ಊರವರು ಸೊಂಟ ಮುರಿಯುವಂತೆ ಎಳೆದರೆ ಬಲೆಯಲ್ಲಿ ಬಂದದ್ದು ಪಾಚಿ.

ಹುಡುಗ ಹಾಳಾದ ಎಂದರು. ಹಾಳಾದನಂತೆ! ಊರಿನ ಹೊಟ್ಟೆಯನ್ನೆಲ್ಲ ಅವನ ತಲೆಗೆ ಹೊರಿಸಿದವರು ಯಾರು? ಇನ್ನು ನಮ್ಮ ಮನೆಯವರು ಬಲೆಯ ಹತ್ತಿರ ಬರಕೂಡದು ಎಂದು ಬಲೆಯ ಯಜಮಾನ ತಂಡೇಲ ಹೇಳಿದಾಗ ನನ್ನ ಮೈ ಉರಿದುಹೋಯಿತು. ಹದಿನಾಲ್ಕರ ನಾನು ಗಂಡಸರ ನಡುವೆ ನುಗ್ಗಿದೆ.

"ಅವ ಎಂತಕ್ಕೆ ಸೇದಿದ ಅಂತ ಒಬ್ರಾದ್ರೂ ಕೇಳಿದ್ರಾ? ನಾಳೆಯಿಂದ ಅವನ ಸಂಗಡ ನಾನೂ ಗುಡ್ಡಕ್ಕೆ ಹೋಗ್ತೆ."

"ಹೆಣ್ಣು ಹುಡ್ಗಿಗೆ ಅಲ್ಲಿ ಎಂತ ಕೆಲಸ?" ತಂಡೇಲ ಕೇಳಿದ.

"ಅವನ ಹತ್ರ ಮಾತಾಡೂದು."

ತಂಡೇಲನಿಗೆ ನಗು ಬಂತು. "ಆತು. ನಾಲ್ಕು ದಿನ ನೋಡ್ವ."

ಗುಡ್ಡದ ಮೇಲೆ ಮೊದಮೊದಲು ಗಾಂಜಾ ಇಲ್ಲದೆ ಅಣ್ಣ ನನ್ನ ಮೇಲೆ ಸಿಡುಕುತ್ತಿದ್ದ. ನಾನು ಬಾಯಿ ಮುಚ್ಚಲಿಲ್ಲ. ಒಮ್ಮೆ ಅಪ್ಪನ ಮಾತು ಬಂದಾಗ ಬಿಕ್ಕಿ ಬಿಕ್ಕಿ ಅತ್ತ. ಮರುದಿನ ನಾನು ಕಟ್ಟಿಕೊಂಡು ಹೋದ ರೊಟ್ಟಿಯನ್ನೆಲ್ಲ ತಾನೇ ತಿಂದ. ನನಗೆ ಎಷ್ಟು ಖುಷಿಯಾಯಿತು!

ಆ ಬೆಳಿಗ್ಗೆಯೇ ನೀರಿನ ಮೇಲೆ ಕಪ್ಪು ಕಲೆ ಕಂಡಿತು.

"ಮೋಡದ ನೆರಳು," ನಾನೆಂದೆ.

ಅಣ್ಣ ಆಕಾಶ ನೋಡಿದ, ಮತ್ತೆ ನೀರು ನೋಡಿದ. "ಅಲ್ಲ. ಮೋಡ ಗಾಳಿ ಹೋದ ಬದಿಗೆ ಹೋಗ್ತದೆ. ಇದು ಗಾಳಿಗೆ ಎದುರು ಬತ್ತಾ ಇದೆ."

ಬಟ್ಟೆ ಬೀಸಿದ. ಕೆಳಗಿನವರು ಅನುಮಾನಿಸಿದರು, ಅವನು ಬೀಸುತ್ತಲೇ ಇದ್ದ. ಕೊನೆಗೂ ಬಲೆ ಇಳಿಯಿತು. ಎಳೆದಂತೆ ಹಗ್ಗ ಬಿಗಿಯಿತು, ದಂಡೆಯುದ್ದಕ್ಕೂ ಕೂಗೆದ್ದಿತು. ಬಲೆಯ ತುಂಬ ಬಂಗಡೆ!

ಪಾಲು ಹಾಕುವಾಗ ತಂಡೇಲ ಅಣ್ಣನ ಮುಂದೆ ರಾಶಿ ಸುರಿದ. ಅಣ್ಣ ಮುಟ್ಟಲಿಲ್ಲ.

"ತಂಗಿ ಪಾಲು ಎಲ್ಲಿ?"

ಗುಡ್ಡ ಕಾಯ್ದದ್ದಕ್ಕೆ ಹೆಣ್ಣಿಗೆ ಪಾಲು ಕೊಟ್ಟದ್ದನ್ನು ನಮ್ಮ ದಂಡೆಯಲ್ಲಿ ಯಾರೂ ಕಂಡಿರಲಿಲ್ಲ. ತಂಡೇಲ ನನ್ನನ್ನೊಮ್ಮೆ ನೋಡಿ, ತಾನೇ ಬುಟ್ಟಿ ತುಂಬಿ ನನ್ನ ತಲೆಗೆ ಏರಿಸಿದ. ಕತ್ತು ನೆಟ್ಟಗೆ ಮಾಡಿಕೊಂಡು, ಮೀನಿನ ನೀರು ಮುಖದ ಮೇಲೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಊರ ನಡುವಿನ ದಾರಿಯಲ್ಲೇ ಮನೆಗೆ ನಡೆದೆ.