ಅಮ್ಮನವರ ಲೈನು, ಮಸ್ಕತ್ತಿನ ಕೂಸು

ಪಿ.ಜೆ. ಬಡಾವಣೆಯಲ್ಲಿ ನಾನೂ ನನ್ನ ಗಂಡನೂ ಇಂಟರ್ನೆಟ್ ಅಂಗಡಿ ತೆರೆದಾಗ ನಮ್ಮಲ್ಲಿದ್ದದ್ದು ನಾಲ್ಕು ಕಂಪ್ಯೂಟರ್, ಒಂದೇ ಫೋನ್ ಲೈನ್. ಎಲ್ಲ ಕುರ್ಚಿಗಳೂ ತುಂಬಿದ ದಿನ, ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಗಿರಾಕಿಗಳು ಹೊರಗೆ ಹೋಗಿ ಚಹಾ ಕುಡಿದು ಬರುತ್ತಿದ್ದರು. ಲೈನ್ ಕೆಟ್ಟರಂತೂ ಅಂಗಡಿಯೇ ಬಂದ್.

ಫೋನ್ ಲೈನಿನಿಂದ ಇಂಟರ್ನೆಟ್ ಎಳೆಯುವ ಮೋಡೆಮ್ ಎರಡು ಹಾಕಿ ಎರಡು ಲೈನ್ ಜೋಡಿಸಿದರೆ ಅವು ಒಂದಾಗಿ ಓಡುತ್ತವೆ, ಒಂದು ಕೈಕೊಟ್ಟರೂ ಇನ್ನೊಂದು ನಡೆಸಿಕೊಂಡು ಹೋಗುತ್ತದೆ ಎಂದು ಓದಿದ್ದೆ. ಹೊಸ ಲೈನಿಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಮಹಡಿಯ ಮೇಲಿದ್ದ ಮನೆಯ ಮಾಲೀಕರನ್ನು, ನಾವೆಲ್ಲ ಅಮ್ಮ ಎನ್ನುತ್ತಿದ್ದವರನ್ನು, ಹೋಗಿ ಅವರ ಫೋನ್ ಲೈನ್ ಕೊಡುತ್ತೀರಾ ಎಂದು ಕೇಳಿದೆ.

“ಕೊಡ್ತೀನಿ ತಗಳಮ್ಮ. ಆದ್ರೆ ನಮ್ಮಕ್ಕನ ಜೊತೆ ಮಾತಾಡ್ಬೇಕು ಅನ್ಸಿದ್ರೆ ನಾನು ಕಾಯೋಳಲ್ಲ ನೋಡು,” ಎಂದರು.

ಅಕ್ಕ ಇದ್ದದ್ದು ಹರಿಹರದಲ್ಲಿ. ಅಮ್ಮ ಫೋನ್ ಎತ್ತಿದರೆ ಒಂದು ಮೋಡೆಮಿನ ಸಂಪರ್ಕ ಕಡಿದು ವೇಗ ಅರ್ಧಕ್ಕಿಳಿಯುತ್ತಿತ್ತು, ಆದರೆ ಕೆಲಸ ನಿಲ್ಲುತ್ತಿರಲಿಲ್ಲ. ಗಿರಾಕಿಗಳಿಗೂ ಇದು ರೂಢಿಯಾಯಿತು. ಪುಟ ಎಳೆದಾಡಿದರೆ, “ಅಮ್ಮಾರು ಹರಿಹರಕ್ಕೆ ಹೋದ್ರು” ಎಂದು ನಗುತ್ತಿದ್ದರು.

ಆ ಅಕ್ಕನ ಮಗಳಿಗೆ ಮಸ್ಕತ್ತಿನಲ್ಲಿ ಹೆರಿಗೆಯಾಯಿತು. ಮೊಣಕಾಲು ನೋವಿನಿಂದ ಅಕ್ಕ ಹೋಗಿರಲಿಲ್ಲ. ಅಳಿಯ ಕೂಸಿನ ಫೋಟೊವನ್ನು ನಮ್ಮ ಅಂಗಡಿಯ ಇಮೇಲಿಗೆ ಕಳಿಸಿದ. ಅಮ್ಮ ಕೆಳಗಿಳಿದು ಬಂದು ಕಂಪ್ಯೂಟರಿನ ಮುಂದೆ ಕೂತರು.

ಫೋಟೊ ಮೇಲಿನಿಂದ ಗೆರೆಗೆರೆಯಾಗಿ ಇಳಿಯತೊಡಗಿತು. ಕೂದಲು ಕಂಡದ್ದೇ ತಡ, ಅಮ್ಮ ನಾವು ಅವರ ಲೈನಿಗೇ ಜೋಡಿಸಿ ಮೇಜಿನ ಮೇಲಿಟ್ಟಿದ್ದ ಇನ್ನೊಂದು ಫೋನಿಗೆ ಕೈಹಾಕಿದರು.

“ಎತ್ತಬ್ಯಾಡ್ರಿ ಅಮ್ಮ, ಫೋಟೊ ತಡ ಆಗ್ತೈತೆ!” ಎಂದೆ.

“ಆಗ್ಲಿ ಬಿಡು. ಅಲ್ಲಿ ಅಕ್ಕ ಕಾಯ್ತಾ ಕುಂತಾಳೆ.”

ಒಂದು ಮೋಡೆಮ್ ಕಿರುಚಿ ಸುಮ್ಮನಾಯಿತು. ಇನ್ನೊಂದು ಫೋಟೊ ಎಳೆಯುತ್ತಲೇ ಇತ್ತು.

“ಅಕ್ಕ, ಹಣೆ ಬಂತು. ಅಗಲ ಐತೆ, ನಮ್ಮಪ್ಪನ ಹಣೆ. ಕಣ್ಣು ಮುಚ್ಚೈತೆ, ಮಲಗೈತೆ ಕೂಸು.”

“ಮೂಗು ಹೆಂಗೈತೆ?” ಅಕ್ಕನ ದನಿ ಇಡೀ ಅಂಗಡಿಗೆ ಕೇಳಿಸಿತು.

“ತಡಿಯೇ, ಇನ್ನೂ ಬರ್ಬೇಕು!”

ಪಕ್ಕದ ಕುರ್ಚಿಯಲ್ಲಿದ್ದ ಕಾಲೇಜು ಹುಡುಗಿ ಮೌಸ್ ಬಿಟ್ಟು ಕೈಕಟ್ಟಿದಳು. “ನಾವು ಸುಮ್ನಿದ್ರೆ ಬೇಗ ಬರ್ತೈತಲ್ರೀ?” ಎಂದಳು. ಉಳಿದವರೂ ತಮ್ಮ ಕೆಲಸ ಬಿಟ್ಟು ನಮ್ಮ ಪರದೆಯ ಸುತ್ತ ನಿಂತರು. ಮೂಗು ಇಳಿಯಿತು.

“ಅಕ್ಕ, ನಿನ್ ಮೂಗೇ! ಥೇಟ್ ನಿನ್ ಮೂಗು!”

ಫೋನಿನಲ್ಲಿ ಏನೋ ಸೊರಸೊರ ಸದ್ದಾಯಿತು.

“ಯಾಕ? ಅಳಬ್ಯಾಡ ಮಾರಾಯ್ತಿ.”

“ಅಳ್ತಿಲ್ಲ ಕಣೇ. ನನ್ ಮೂಗು ಮುಟ್ಟಿ ನೋಡ್ಕಂತಿದೀನಿ.”

ಅಂಗಡಿಯಲ್ಲಿದ್ದ ನಾವೆಲ್ಲ ಗೊಳ್ಳೆಂದು ನಕ್ಕೆವು.

ಮರುದಿನ ಅಕ್ಕ ಕುಂಟುತ್ತಲೇ ಹರಿಹರದ ಬಸ್ಸಿಳಿದು ಬಂದರು. ಅವತ್ತು ಅಮ್ಮ ಫೋನಿನ ಹತ್ತಿರ ಸುಳಿಯಲಿಲ್ಲ. ಎರಡೂ ಲೈನ್ ಸೇರಿ ಫೋಟೊ ಸರಸರನೆ ಇಳಿಯಿತು. ಅಕ್ಕ ಕನ್ನಡಕ ಒರೆಸಿ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಎರಡೂ ಕೈಗಳಿಂದ ಪರದೆಯ ಗಾಜನ್ನು ಸವರಿ, ಕೂಸಿಗೆ ದೃಷ್ಟಿ ತಾಗದಿರಲೆಂದು ಬೆರಳುಗಳನ್ನು ಹಣೆಗೊತ್ತಿ ಲಟಲಟನೆ ನೆಟಿಗೆ ಮುರಿದರು.