ಮಂಗಳಕ್ಕೆ ಹೋಗುವ ಪೆಟ್ಟಿಗೆಯನ್ನು ಒರೆಸಿದವಳು

ಹದಿನಾರು ವರ್ಷ ಆಕೆ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಕತ್ತರಿ, ಚಿಮಟ, ಸೂಜಿಗಳನ್ನು ತೊಳೆದು, ಬಿಸಿ ಹಬೆಯಲ್ಲಿ ಬೇಯಿಸಿ, ಬಟ್ಟೆಯಲ್ಲಿ ಸುತ್ತಿ ಮೇಲಿನ ಆಪರೇಷನ್ ಕೋಣೆಗೆ ಕಳಿಸುತ್ತಿದ್ದಳು. ಆಕೆಯ ಕೈ ದಾಟಿದ ಉಪಕರಣದಿಂದ ಒಬ್ಬ ರೋಗಿಗೂ ಸೋಂಕು ತಗುಲಿರಲಿಲ್ಲ. ಇದನ್ನು ಡಾಕ್ಟರುಗಳು ಗಮನಿಸಿದ್ದರೋ ಇಲ್ಲವೋ, ಅವರಲ್ಲೊಬ್ಬರ ತಂಗಿ ಗಮನಿಸಿದ್ದರು. ಆ ತಂಗಿ ಊರಾಚೆಯ ಸಂಶೋಧನಾ ಸಂಸ್ಥೆಯಲ್ಲಿ ಸೂಕ್ಷ್ಮಜೀವಿಗಳನ್ನು ಅಧ್ಯಯನ ಮಾಡುವ ವಿಜ್ಞಾನಿ. ಒಂದು ದಿನ ನೆಲಮಾಳಿಗೆಗೆ ಇಳಿದು ಬಂದು, ಅರ್ಧ ತಾಸು ಆಕೆಯ ಕೆಲಸ ನೋಡಿ, ನಮ್ಮಲ್ಲಿಗೆ ಬರುತ್ತೀರಾ ಎಂದು ಕೇಳಿದರು.

ಹೊಸ ಜಾಗದಲ್ಲಿ ಎಲ್ಲರೂ ಆಕೆಯನ್ನು ಒರೆಸಕ್ಕ ಎಂದು ಕರೆಯತೊಡಗಿದರು. ಕೊಂಕಿನಿಂದ ಹುಟ್ಟಿದ ಹೆಸರಲ್ಲ ಅದು. ಆಕೆ ಅಲ್ಲಿ ಮಾಡುತ್ತಿದ್ದುದೇ ಅಷ್ಟು.

ಒರೆಸಬೇಕಾಗಿದ್ದುದು ಒಂದು ಉಕ್ಕಿನ ಪೆಟ್ಟಿಗೆ. ಚಪ್ಪಲಿ ಅಂಗಡಿಯಲ್ಲಿ ಕೊಡುವ ಡಬ್ಬಿಗಿಂತ ತುಸು ದೊಡ್ಡದು. ಅದು ಮಂಗಳ ಗ್ರಹದಲ್ಲಿ ಇಳಿದು, ಒಂದು ಹಿಡಿ ಮಣ್ಣನ್ನು ಒಳಗೆಳೆದುಕೊಂಡು, ಅದರಲ್ಲಿ ಉಸಿರಾಡುವ, ತಿನ್ನುವ, ಬೆಳೆಯುವ ಏನಾದರೂ ಇದೆಯೇ ಎಂದು ನೋಡಬೇಕಿತ್ತು. ಮೊದಲ ದಿನವೇ ಆ ವಿಜ್ಞಾನಿ ಮೇಡಂ ಆಕೆಗೆ ವಿಷಯವನ್ನು ಸುಲಭವಾಗಿ ಹೇಳಿದ್ದರು. "ನಮ್ಮದೇ ಒಂದು ಕ್ರಿಮಿ ಒಳಗೆ ಕೂತಿದ್ರೆ, ಪೆಟ್ಟಿಗೆ ಅದನ್ನೇ ಹಿಡ್ಕೊಂಡು ಸಿಕ್ತು ಸಿಕ್ತು ಅನ್ನುತ್ತೆ. ಅದಕ್ಕೇನು ಗೊತ್ತು, ಇದು ನಮ್ಮನೆಯದೋ ಪಕ್ಕದ ಮನೆಯದೋ ಅಂತ?"

ಬಿಳಿ ಉಡುಪು, ಟೊಪ್ಪಿ, ಎರಡು ಜೊತೆ ಕೈಗವಸು, ಮುಖಕ್ಕೆ ಮಾಸ್ಕು. ಕಣ್ಣು ಬಿಟ್ಟರೆ ಆಕೆಯ ಗುರುತು ಹಿಡಿಯಲು ಬೇರೇನೂ ಇರುತ್ತಿರಲಿಲ್ಲ. ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯನ್ನು ಮೂರು ಬಾರಿ ಮಡಚಿ, ಒಂದೇ ದಿಕ್ಕಿಗೆ ಒಂದು ಸಲ ಎಳೆಯುವುದು. ಮತ್ತೆ ಬಟ್ಟೆ ತಿರುಗಿಸಿ ಹೊಸ ಮಗ್ಗುಲಿನಿಂದ ಇನ್ನೊಂದು ಸಲ. ಒರೆಸಿದ ಮೇಲೆ ಹತ್ತಿಯ ಕಡ್ಡಿಯಿಂದ ಮೂಲೆಮೂಲೆ ತೀಡಿ, ಆ ಕಡ್ಡಿಯನ್ನು ಗಾಜಿನ ತಟ್ಟೆಯ ಮೇಲೆ ಸವರಿ, ಮೂರು ದಿನ ಬೆಚ್ಚಗಿಡುತ್ತಿದ್ದರು. ಕ್ರಿಮಿ ಇದ್ದರೆ ತಟ್ಟೆಯಲ್ಲಿ ಚುಕ್ಕಿಗಳು ಏಳುತ್ತಿದ್ದವು.

ಮನೆಯಲ್ಲಿ ಅತ್ತೆಗೆ ಇದೆಲ್ಲ ತಮಾಷೆ. "ಇದ್ದಾರೋ ಇಲ್ವೋ ಗೊತ್ತಿಲ್ಲದೋರಿಗೋಸ್ಕರ ಪೆಟ್ಟಿಗೆ ಒರೆಸ್ತಾಳಂತೆ. ಇರೋ ಅತ್ತೆ ಕನ್ನಡಕ ಒರೆಸೋಕೆ ಪುರುಸೊತ್ತಿಲ್ಲ," ಎಂದು ನೆರೆಯವರ ಮುಂದೆ ಹೇಳಿ ನಗುತ್ತಿದ್ದರು. ಹೇಳುವಾಗ ದನಿಯಲ್ಲಿ ಒಂದಿಷ್ಟು ಜಂಬವೂ ಇರುತ್ತಿತ್ತು.

ಗಂಡ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಆ ವರ್ಷ ಅವನ ಮೇಜಿಗೆ ಬಂದದ್ದು ಜೀವಿಗಳ ಬಗೆಗಿನ ಒಂದು ದಪ್ಪ ಪುಸ್ತಕದ ಹಾಳೆಗಳು. ಹೊಲಿಗೆ ಹಾಕುವ ಮುಂಚೆ ಕೆಲವನ್ನು ಮನೆಗೆ ತಂದು, ಹೆಂಡತಿ ಅಡುಗೆ ಮಾಡುತ್ತಿರುವಾಗ ಗಟ್ಟಿಯಾಗಿ ಓದುತ್ತಿದ್ದ. ಕುದಿಯುವ ಬುಗ್ಗೆಯಲ್ಲಿ ಹಾಯಾಗಿರುವ ಜೀವಿಗಳು, ಬಂಡೆಯೊಳಗಿನ ಕೂದಲೆಳೆಯಂಥ ಬಿರುಕಿನಲ್ಲಿ ಸಂಸಾರ ಹೂಡಿದವು, ಸಾವಿರಾರು ವರ್ಷ ಮಂಜಿನಲ್ಲಿ ಮುದುಡಿ ಮಲಗಿ ನೀರು ತಾಗಿದೊಡನೆ ಮೈಮುರಿದು ಏಳುವಂಥವು. ಇಂಥವು ಇಲ್ಲಿ ಬದುಕಬಹುದಾದರೆ ಅಲ್ಲೇಕೆ ಬದುಕಬಾರದು ಎಂದು ಪುಸ್ತಕ ಕೇಳುತ್ತಿತ್ತು. ಒರೆಸಕ್ಕ ಸೌಟು ಹಿಡಿದು ಹಾಗೇ ನಿಂತುಬಿಡುತ್ತಿದ್ದಳು. ಅಷ್ಟು ವರ್ಷ ಕ್ರಿಮಿ ಎಂದರೆ ಕೊಲ್ಲಬೇಕಾದದ್ದು ಎಂದಷ್ಟೇ ಆಕೆಗೆ ಗೊತ್ತಿತ್ತು. ಅದಕ್ಕೂ ಒಂದು ಮನೆ ಇರಬಹುದು, ಆ ಮನೆಗೆ ಹೊರಗಿನವರು ನುಗ್ಗಿದರೆ ಅದಕ್ಕೂ ಕಷ್ಟವಾಗಬಹುದು ಎಂಬುದು ಆಗ ಮೊದಲ ಬಾರಿಗೆ ತಲೆಗೆ ಹೊಳೆಯಿತು.

ಎರಡು ವರ್ಷ ಕಳೆದು, ಪೆಟ್ಟಿಗೆಯ ಮುಚ್ಚಳ ಬಿಗಿಯುವ ದಿನ ಬಂತು. ಅಂದು ಅಕ್ಕನಿಗೆ ನೆಗಡಿ. ನೆಗಡಿಯಾದವರು ಬಾಗಿಲ ಬಳಿಯ ಪುಸ್ತಕದಲ್ಲಿ ಬರೆದು ಮನೆಗೆ ಹೋಗಬೇಕೆಂಬುದು ನಿಯಮ. ಎರಡು ವರ್ಷ ಮಗುವಿನಂತೆ ನೋಡಿಕೊಂಡ ಪೆಟ್ಟಿಗೆಯನ್ನು ಕಡೆಯ ದಿನ ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಮೂಗು ಸ್ವಲ್ಪ ಕಟ್ಟಿದೆ ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಹೋದಳು.

ಮುಚ್ಚಳದ ಕೀಲಿನ ಸಂದಿಯನ್ನು ಒರೆಸಲು ಬಗ್ಗಿದಾಗ ಸೀನು ಬಂತು. ಮಾಸ್ಕಿನೊಳಗೇ ಸೀನಿದಳು. ಮಾಸ್ಕು ಒದ್ದೆಯಾಯಿತು. ಹೊರಗೆ ಹೋಗಿ ಬದಲಿಸಬೇಕಿತ್ತು. ಆದರೆ ಮುಚ್ಚಳ ತೆರೆದಿತ್ತು, ಹನ್ನೆರಡು ಮಂದಿ ಸುತ್ತ ಕಾಯುತ್ತ ನಿಂತಿದ್ದರು. ಗಾಳಿಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಅಕ್ಕ ಒರೆಸಿ, ಕೀಲನ್ನು ಕಡ್ಡಿಯಿಂದ ತೀಡಿ ಮುಗಿಸಿದಳು, ಎಂಜಿನಿಯರ್ ತಿರುಪು ಬಿಗಿದ, ಎಲ್ಲರೂ ಚಪ್ಪಾಳೆ ತಟ್ಟಿದರು.

ಮೂರನೆಯ ದಿನ ಕೀಲಿನ ತಟ್ಟೆಯಲ್ಲಿ ಒಂಬತ್ತು ಹಳದಿ ಚುಕ್ಕಿಗಳು ಎದ್ದವು. ಮೇಡಂ ನೋಡಿ, ಮನುಷ್ಯರ ಮೂಗಿನಲ್ಲಿರುವ ಜಾತಿ, ಯಾರದೋ ಉಡುಪಿನಿಂದ ಬಂದಿರಬೇಕು, ಮುನ್ನೂರು ಚುಕ್ಕಿಗಳ ತನಕ ಅನುಮತಿ ಇದೆ, ಚಿಂತೆಯಿಲ್ಲ ಎಂದರು. ಎಲ್ಲರೂ ನಿರಾಳವಾದರು. ಆ ಮಧ್ಯಾಹ್ನ ಅಕ್ಕ ಊಟದ ಡಬ್ಬಿ ಬಿಚ್ಚದೆಯೇ ಎದ್ದಳು. ಉಡುಪುಗಳ ಕೋಣೆಗೆ ಮೇಡಂ ಅವರನ್ನು ಕರೆದು ಬಾಗಿಲು ಮುಚ್ಚಿದಳು.

"ಆ ಒಂಬತ್ತೂ ನನ್ನವು," ಎಂದಳು. ನೆಗಡಿ, ಸೀನು, ಬದಲಿಸದ ಮಾಸ್ಕು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕಡ್ಡಿಗೆ ಸಿಕ್ಕಿದ್ದು ಒಂಬತ್ತು, ಸಂದಿಯೊಳಗೆ ಎಷ್ಟಿವೆಯೋ ತನಗೆ ತಿಳಿಯದು, ಮಣ್ಣು ಒಳಗೆ ಬರುವುದು ಆ ಸಂದಿಯ ಪಕ್ಕದಿಂದಲೇ ಎಂದಳು.

ಮೇಡಂ ಬೆಂಚಿನ ಮೇಲೆ ಕೂತರು. "ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಆಸ್ಪತ್ರೇಲಿ ಮೇಲೆ ಒಬ್ಬ ರೋಗಿ ಮಲಗಿದ್ದಾನೆ ಅಂತ ಗೊತ್ತಿರ್ತಿತ್ತು ಮೇಡಂ. ಇಲ್ಲಿ ಆ ಕಡೆ ಯಾರಿದ್ದಾರೆ ಅನ್ನೋದೇ ಗೊತ್ತಿಲ್ಲ. ಅದಕ್ಕೇ ಭಯ."

ಮುಚ್ಚಳ ಬಿಚ್ಚಿದರು. ಪೆಟ್ಟಿಗೆಯನ್ನು ಎರಡು ದಿನ ದೊಡ್ಡ ಒಲೆಯಲ್ಲಿಟ್ಟು ಕಾಯಿಸಿದರು. ಆ ಕಾವಿಗೆ ಒಳಗಿನ ಒಂದು ಗಾಜಿನ ಅಂಟು ಬಿಟ್ಟುಹೋಗಿ, ಅದನ್ನು ಮತ್ತೆ ಕೂರಿಸಬೇಕಾಯಿತು. ರಾಕೆಟ್ಟಿಗೆ ಒಪ್ಪಿಸಲು ಉಳಿದಿದ್ದ ಹದಿನಾಲ್ಕು ದಿನಗಳಲ್ಲಿ ಹನ್ನೆರಡು ಇದಕ್ಕೇ ಹೋದವು. ಆ ಗಡುವು ತಪ್ಪಿದ್ದರೆ, ಮಂಗಳ ಮತ್ತೆ ಹತ್ತಿರ ಬರಲು ಎರಡು ವರ್ಷ ಕಾಯಬೇಕಿತ್ತು. ತಿರುಪು ಬಿಗಿದ ಎಂಜಿನಿಯರ್ ಆ ಹನ್ನೆರಡು ದಿನ ಸಂಸ್ಥೆ ಬಿಟ್ಟು ಕದಲುವಂತಿರಲಿಲ್ಲ. ದೂರದ ಊರಿನಲ್ಲಿ ಅವನ ಹೆಂಡತಿಗೆ ಹೆರಿಗೆಯಾಯಿತು; ಮಗಳ ಮೊದಲ ಅಳುವನ್ನು ಅವನು ಫೋನಿನಲ್ಲಿ ಕೇಳಿದ. ಆಮೇಲೆ ಅವನು ಅಕ್ಕನ ಕಡೆ ಕಣ್ಣೆತ್ತಿ ನೋಡಲಿಲ್ಲ. ಎದುರು ಸಿಕ್ಕರೆ ಗೋಡೆ ನೋಡುತ್ತ ನಡೆದುಬಿಡುತ್ತಿದ್ದ. ಅದನ್ನು ಆಕೆ ತಪ್ಪೆಂದು ಎಣಿಸಲಿಲ್ಲ.

ಆಕೆಗೆ ಒಳಕೋಣೆಯ ಪ್ರವೇಶ ನಿಂತಿತು. ಉಡುಪು ಮಡಚುವ ಕೆಲಸ ಕೊಟ್ಟರು. ಪೆಟ್ಟಿಗೆ ಹೊರಟ ದಿನ ಹೊರಗಿನ ಅಂಗಳದಲ್ಲಿ ಎಲ್ಲರೂ ಸೇರಿದಾಗ ಆಕೆ ಕೋಣೆಯಲ್ಲೇ ಉಳಿದು ಟೊಪ್ಪಿಗಳನ್ನು ಜೋಡಿಸುತ್ತಿದ್ದಳು.

ಏಳು ತಿಂಗಳ ಪ್ರಯಾಣ ಮುಗಿಸಿ ಪೆಟ್ಟಿಗೆ ಇಳಿಯಿತು. ಮತ್ತೆ ನಲವತ್ತು ದಿನ ಕಳೆದು, ಒಂದು ಮಧ್ಯಾಹ್ನ ಸಭಾಂಗಣದಲ್ಲಿ ಫಲಿತಾಂಶ ಹೇಳಿದರು. ಮೊದಲ ಹಿಡಿಯಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಚುಕ್ಕಿಯಷ್ಟು ಉಸಿರೂ ಇಲ್ಲ. ಮೇಡಂ ಓದುತ್ತಿದ್ದ ಹಾಳೆಯನ್ನು ಮಡಚಿದರು. ಯಾರೋ ಕುರ್ಚಿ ಸರಿಸಿಕೊಂಡು ಎದ್ದು ಹೋದರು.

ತನ್ನದೊಂದೂ ಅಲ್ಲಿಗೆ ಹೋಗಿಲ್ಲವೆಂದು ಕೊನೆಯ ಸಾಲಿನಲ್ಲಿದ್ದ ಅಕ್ಕನಿಗೆ ಒಳಗೊಳಗೇ ಹಗುರವಾಯಿತು. ಹಾಗೆ ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು. ಸಭೆ ಕರಗಿದ ಮೇಲೆ ಎಂಜಿನಿಯರ್ ಎರಡು ಲೋಟ ಚಹಾ ಹಿಡಿದು ಬಂದು ಪಕ್ಕದಲ್ಲಿ ಕೂತ. ಒಂದು ಲೋಟ ಆಕೆಯ ಕೈಗಿತ್ತ.

"ಆವತ್ತು ನೀವು ಬಾಯಿ ಬಿಡದೇ ಇದ್ದಿದ್ರೆ, ಈಗ ನಾವೆಲ್ಲ ಇಲ್ಲಿ ಕುಣೀತಿದ್ವಿ," ಎಂದ. ಚಹಾ ಒಂದು ಗುಟುಕು ಕುಡಿದು, "ಆರು ತಿಂಗಳಾದ್ಮೇಲೆ, ಅದು ನಮ್ಮದೇ ಕ್ರಿಮಿ ಅಂತ ಗೊತ್ತಾಗಿ ತಲೆ ಎತ್ತೋಕಾಗ್ತಿರಲಿಲ್ಲ," ಎಂದ. ಆಮೇಲೆ ಜೇಬಿನಿಂದ ಮಗಳ ಫೋಟೋ ತೆಗೆದು ತೋರಿಸಿದ.

ಸಂಜೆ ಮನೆಗೆ ಬಂದು ಸುದ್ದಿ ಹೇಳಿದಾಗ ನಗುತ್ತಾರೆಂದುಕೊಂಡಿದ್ದ ಅತ್ತೆ ನಗಲಿಲ್ಲ. ಹಾಸಿಗೆಯ ಮೇಲೆ ಎದ್ದು ಕೂತು, "ಪಾಪ, ಅಷ್ಟು ದೊಡ್ಡ ಜಾಗ ಸುಮ್ನೆ ಖಾಲಿ ಬಿದ್ದಿದೆಯಾ?" ಎಂದು ಕೇಳಿದರು. ನೋಡಿದ್ದು ಎರಡು ಹಿಡಿ ಮಣ್ಣು ಮಾತ್ರ, ಇನ್ನೂ ಬೇಕಾದಷ್ಟು ಮೂಲೆಗಳಿವೆ ಎಂದು ಸೊಸೆ ಸಮಾಧಾನ ಹೇಳಬೇಕಾಯಿತು.

ಈಗ ಸಂಸ್ಥೆ ಇನ್ನೊಂದು ಪೆಟ್ಟಿಗೆ ಕಟ್ಟುತ್ತಿದೆ. ಇದು ಗುರುಗ್ರಹದ ಒಂದು ಚಂದ್ರನಿಗೆ; ಅಲ್ಲಿ ದಪ್ಪ ಮಂಜಿನ ಕೆಳಗೆ ಸಮುದ್ರವಿದೆಯಂತೆ. ಒರೆಸುವವರಿಗೆ ಪಾಠ ಹೇಳುವ ಕೆಲಸವನ್ನು ಮೇಡಂ ಅಕ್ಕನಿಗೆ ವಹಿಸಿದ್ದಾರೆ. ನಿಯಮಗಳ ಪುಸ್ತಕವನ್ನು ಆಕೆ ಹೇಳಿದಳು, ಗಂಡ ಬರೆದ, ರಟ್ಟನ್ನೂ ಅವನೇ ಕಟ್ಟಿದ. ಆಕೆ ಹೇಳಿದ ಮೊದಲ ಸಾಲು ಹೀಗಿತ್ತು: "ಅಲ್ಲಿ ಯಾರೋ ಇದ್ದಾರೆ ಅಂದುಕೊಂಡೇ ಒರೆಸಿ." ನಿಯಮದ ಪುಸ್ತಕದಲ್ಲಿ ಇಂಥದ್ದು ಬರಬಾರದೆಂದು ಮೇಡಂ ಅದನ್ನು ಹೊಡೆದುಹಾಕಿದರು. ಅಕ್ಕ ವಾದಿಸಲಿಲ್ಲ. ಹೊಸಬರಿಗೆ ಬಟ್ಟೆ ಮಡಚುವುದನ್ನು ಕಲಿಸುವಾಗ ಆ ಮಾತನ್ನು ಬಾಯಲ್ಲೇ ಹೇಳುತ್ತಾಳೆ.